ಸ್ಪಷ್ಟನೆ: ಆಕ್ಯುಪೇಷನಲ್ ಥೆರಪಿ ಆರು ತಿಂಗಳ ಕೋರ್ಸ್ ಅಲ್ಲ

ಕಾಯಿಲೆ ಅಥವಾ ಬೆಳವಣಿಗೆಯ ತೊಂದರೆ ಇರುವವರು ಊಟ, ಉಡುಪಿನಂಥ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳುವಂತೆ ನೆರವಾಗುವ ಚಿಕಿತ್ಸೆಯೇ ಆಕ್ಯುಪೇಷನಲ್ ಥೆರಪಿ. ‘ಆರು ತಿಂಗಳ ಸರ್ಟಿಫಿಕೇಟ್ ಸಾಕು, ಆಕ್ಯುಪೇಷನಲ್ ಥೆರಪಿಸ್ಟ್ ಆಗಬಹುದು; ಕೆಲಸದ ವೇಳೆ ನಿಮ್ಮ ಇಷ್ಟದಂತೆ’ ಎಂಬ ಸಂದೇಶ ಮಂಡ್ಯ, ಮೈಸೂರಿನ ಪಿಯುಸಿ ಪೋಷಕರ ಗುಂಪುಗಳಲ್ಲಿ ಓಡಾಡುತ್ತಿದೆ. ಇದರ ಎರಡನೆಯ ಭಾಗ ನಾನೇ ಮಂಡ್ಯದ ವಿದ್ಯಾರ್ಥಿಗಳಿಗೆ ಹೇಳಿದ ಮಾತು. ಅದು ತಪ್ಪು. ಕ್ಷಮಿಸಿ.

ಮೊದಲ ಭಾಗವೂ ಸರಿಯಲ್ಲ. 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಪಟ್ಟಿಯಲ್ಲಿ ಈ ವೃತ್ತಿಯಿದೆ. ಥೆರಪಿಸ್ಟ್ ಎನಿಸಿಕೊಳ್ಳಲು ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಪಾರ್ಶ್ವವಾಯು ತಗುಲಿದವರೊಬ್ಬರು ಮತ್ತೆ ತಮ್ಮ ಕೈಯಿಂದಲೇ ಅನ್ನ ಕಲಸಿ ತುತ್ತು ಎತ್ತುವಂತೆ ಮಾಡಲು ಸ್ನಾಯು, ನರ, ಮನಸ್ಸು ಮೂರನ್ನೂ ಬಲ್ಲವರಿರಬೇಕು. ಆರು ತಿಂಗಳಲ್ಲಿ ಅದು ಬರುವುದಿಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿಸುವ ವಾಕ್ ಚಿಕಿತ್ಸೆಯ ಪದವಿಯೂ ಬೇರೆಯೇ. ಬಹಳ ಜನ ಎರಡನ್ನೂ ಒಂದೆಂದು ತಿಳಿದಿದ್ದಾರೆ.

ಇನ್ನು ವೇಳೆ. ಆಸ್ಪತ್ರೆಯಲ್ಲಾದರೆ ಸಾಮಾನ್ಯವಾಗಿ ಹಗಲು ಕೆಲಸ. ಮಕ್ಕಳ ಥೆರಪಿ ಕೇಂದ್ರದಲ್ಲಿ ಹಾಗಲ್ಲ: ಮಕ್ಕಳು ಬರುವುದೇ ಶಾಲೆ ಬಿಟ್ಟ ಮೇಲೆ, ಆದ್ದರಿಂದ ಸಂಜೆ ಮತ್ತು ಶನಿವಾರವೇ ಹೆಚ್ಚು ಕೆಲಸ. ಮಂಡ್ಯದಿಂದ ಮೈಸೂರಿಗೆ ದಿನವೂ ಓಡಾಡುವವರು ಕೆಲಸಕ್ಕೆ ಸೇರುವ ಮೊದಲೇ ಸಂಜೆಯ ಕೊನೆಯ ಅವಧಿ ಎಷ್ಟಕ್ಕೆ ಮುಗಿಯುತ್ತದೆ ಎಂದು ಕೇಳಿಕೊಳ್ಳಿ. ಸ್ವಂತವಾಗಿ ಮನೆ ಭೇಟಿ ಮಾಡುವವರಿಗೆ ಸ್ವಲ್ಪ ಸಡಿಲಿಕೆ ಇದೆ, ಆದರೆ ಅಲ್ಲಿಯೂ ವೇಳೆ ನಿರ್ಧರಿಸುವುದು ಬಹುಮಟ್ಟಿಗೆ ರೋಗಿಯ ಮನೆಯವರೇ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಶುಲ್ಕ ಕಟ್ಟಲು ಹೊರಟ ಪೋಷಕರು ಪರಿಚಯವಿದ್ದರೆ ಇಂದೇ ತಿಳಿಸಿ.