ಟಿ.ವಿ.ಯೊಳಗಿನ ಛಾಯಾಚಿತ್ರ ಪ್ರದರ್ಶನ

ನಮ್ಮ ಹವ್ಯಾಸಿ ಛಾಯಾಗ್ರಾಹಕರ ಕ್ಲಬ್ಬಿನ ವಾರ್ಷಿಕ ಪ್ರದರ್ಶನವು ನಿನ್ನೆ ಮುಂಬಯಿಯ ಮಾಟುಂಗಾದ ಸಭಾಂಗಣವೊಂದರಲ್ಲಿ ಉದ್ಘಾಟನೆಗೊಂಡಿತು. ಪ್ರಾರ್ಥನೆಯಾಯಿತು, ದೀಪ ಬೆಳಗಿದ್ದಾಯಿತು, ಮುಖ್ಯ ಅತಿಥಿಗಳಿಗೆ ಶಾಲು ಹೊದಿಸಿದ್ದಾಯಿತು. ಶೀರಾ, ಉಪ್ಪಿಟ್ಟು ಎರಡೂ ಬಿಸಿಬಿಸಿಯಾಗಿದ್ದವು ಎಂಬುದನ್ನೂ ನ್ಯಾಯವಾಗಿ ದಾಖಲಿಸುತ್ತೇನೆ. ಇಲ್ಲದೇ ಇದ್ದದ್ದು ಛಾಯಾಚಿತ್ರಗಳು ಮಾತ್ರ. ಮೂರು ಗೋಡೆಗಳು ಬರಿದಾಗಿದ್ದವು. ನಾಲ್ಕನೆಯ ಗೋಡೆಗೆ ಬಾಡಿಗೆಗೆ ತಂದ ದೊಡ್ಡ ಟಿ.ವಿ.ಯೊಂದನ್ನು ತಗುಲಿಸಿ, ಪೆನ್‌ಡ್ರೈವ್ ಚುಚ್ಚಿ, ಆಯ್ಕೆಯಾದ 84 ಚಿತ್ರಗಳನ್ನು ತಲಾ 6 ಸೆಕೆಂಡುಗಳಂತೆ ಓಡಿಸಲಾಗುತ್ತಿತ್ತು. ದಾದರ್ ನಿಲ್ದಾಣದ ಇಂಡಿಕೇಟರಿನ ಮುಂದೆ ನಿಂತ ಪ್ರಯಾಣಿಕರಂತೆ ನಾವೆಲ್ಲ ಕತ್ತೆತ್ತಿ ನಮ್ಮ ನಮ್ಮ ಗಾಡಿ ಯಾವಾಗ ಬರುತ್ತದೆಂದು ಕಾಯುತ್ತಿದ್ದೆವು. ಇಷ್ಟಾಗಿಯೂ ಆಮಂತ್ರಣ ಪತ್ರಿಕೆಯನ್ನು ಮಾತ್ರ ದಪ್ಪನೆಯ ಆರ್ಟ್ ಪೇಪರಿನಲ್ಲಿ, ನಾಲ್ಕು ಬಣ್ಣಗಳಲ್ಲಿ, ಅಂಚಿಗೆ ಚಿನ್ನದ ಗೆರೆ ಹಾಕಿಸಿ ಮುದ್ರಿಸಿದ್ದರು. ಮುದ್ರಣಕ್ಕೆ ಹಣವಿಲ್ಲ ಎಂಬ ಮಾತನ್ನು ಇದರ ನಂತರ ನನ್ನೆದುರು ಯಾರೂ ಆಡಬಾರದು.

ನಾನು ಈ ಕ್ಲಬ್ಬನ್ನು ಎಷ್ಟು ಹಚ್ಚಿಕೊಂಡವಳು ಎಂಬುದು ನಿಮಗೆಲ್ಲ ಗೊತ್ತಿದೆ. ಬ್ಯಾಂಕಿನ ಕೆಲಸದಲ್ಲಿದ್ದಾಗ ಶನಿವಾರ ಅರ್ಧ ದಿನ ಮುಗಿಯುತ್ತಲೇ ಫೋರ್ಟಿನ ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗಳ ಮುಂದೆ ಪ್ರತ್ಯಕ್ಷಳಾಗುತ್ತಿದ್ದವಳು ನಾನು. ಈ ವರ್ಷ ಕ್ಲಬ್ಬು ಮಾಡಿದ ಕೆಲಸ ಸಣ್ಣದೇನೂ ಅಲ್ಲ. ಸಸೂನ್ ಡಾಕಿಗೆ ಬೆಳಕು ಹರಿಯುವ ಮುನ್ನ ಹೋದರು, ಬಾಣಗಂಗಾ, ಖೋತಾಚಿವಾಡಿ, ನಮ್ಮ ಮಾಟುಂಗಾದ ಹೂವಿನ ಗಲ್ಲಿ ಎಲ್ಲವನ್ನೂ ಸುತ್ತಿದರು, ಹೊಸಬರಿಗೆ ಮ್ಯಾಕ್ರೋ, ಅಂದರೆ ಸಣ್ಣ ವಸ್ತುಗಳನ್ನು ತೀರ ಹತ್ತಿರದಿಂದ ಹಿಡಿಯುವ ಛಾಯಾಗ್ರಹಣದ ಕಮ್ಮಟ ನಡೆಸಿದರು. ಶಿವಡಿಯ ಕೆಸರು ಬಯಲಿನಲ್ಲಿ ಫ್ಲೆಮಿಂಗೋಗಳನ್ನು ಸೆರೆಹಿಡಿಯಲು ಒಬ್ಬ ಹುಡುಗ ಸಮುದ್ರದ ಭರತ ಇಳಿತಗಳ ಪಟ್ಟಿಯನ್ನು ಕಿಸೆಯಲ್ಲಿಟ್ಟುಕೊಂಡು ಓಡಾಡಿದ. ನೀರು ಏರುವ ಹೊತ್ತಿಗೆ ಹಕ್ಕಿಗಳು ದಡದ ಹತ್ತಿರ ಸರಿಯುತ್ತವೆ, ನೀರು ಪೂರ್ತಿ ಇಳಿದಾಗ ಎಷ್ಟು ದೊಡ್ಡ ಲೆನ್ಸಿಗೂ ಸಿಗದಷ್ಟು ದೂರ ಹರಡಿಹೋಗುತ್ತವೆ ಎಂಬುದನ್ನು ಆತ ನಮಗೆಲ್ಲ ಪಾಠ ಮಾಡಿದ. 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವೆಂದು ಘೋಷಣೆಯಾಗಿ, 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿದ ಠಾಣೆ ಖಾರಿಯಲ್ಲಿ (ಒಳನಾಡಿಗೆ ಚಾಚಿದ ಸಮುದ್ರದ ಕವಲಿನಲ್ಲಿ) ದೋಣಿಯವನಿಗೆ ಹಕ್ಕಿಗಳ ಹತ್ತಿರ ಹೋಗಬೇಡವೆಂದು ಹೇಳಿ, ದೂರದಿಂದಲೇ ತೃಪ್ತಿಪಟ್ಟು ಬಂದವನೂ ಅವನೇ. ಅಂಥವನ ಆ ಚಿತ್ರಕ್ಕೆ ನಿನ್ನೆ ಸಿಕ್ಕಿದ್ದು 6 ಸೆಕೆಂಡು, ಅದರಲ್ಲೂ ಕೊನೆಯ ಒಂದು ಸೆಕೆಂಡನ್ನು ಮುಂದಿನ ಚಿತ್ರ ಪಕ್ಕದಿಂದ ಜಾರಿಬರುವ ಸರ್ಕಸ್ಸು ತಿಂದುಹಾಕಿತು.

ಲೆಕ್ಕದಲ್ಲಿ ಮಾತಾಡುವುದು ನನ್ನ ಹಳೆಯ ಚಾಳಿ, ಸಹಿಸಿಕೊಳ್ಳಿ. ನಮ್ಮ ಸದಸ್ಯರಲ್ಲಿ ಹಲವರ ಬಳಿ 45 ಮೆಗಾಪಿಕ್ಸೆಲ್ ಕ್ಯಾಮೆರಾಗಳಿವೆ. ಅಂದರೆ ಒಂದೊಂದು ಚಿತ್ರದಲ್ಲಿಯೂ ಸುಮಾರು ನಾಲ್ಕೂವರೆ ಕೋಟಿ ಬಿಂದುಗಳು. ಈ ಪ್ರದರ್ಶನಕ್ಕೆ ಚಿತ್ರಗಳನ್ನು ಆರಿಸುವ ಸ್ಪರ್ಧೆಯ ನಿಯಮದ ಪ್ರಕಾರ ಕಳುಹಿಸಬೇಕಾದ ಚಿತ್ರದ ಅಗಲ 1920, ಎತ್ತರ 1080 ಬಿಂದುಗಳನ್ನು ಮೀರುವಂತಿಲ್ಲ. ಅಡ್ಡಡ್ಡ ಚೌಕಟ್ಟು ಪೂರ್ತಿ ತುಂಬಿದರೂ ಅದು 21 ಲಕ್ಷ ಬಿಂದುಗಳನ್ನು ಮುಟ್ಟುವುದಿಲ್ಲ. ಇನ್ನು ಉದ್ದುದ್ದ ಹಿಡಿದ ಚಿತ್ರದ ಗತಿಯನ್ನು ಕೇಳಲೇಬೇಡಿ. ಎತ್ತರವನ್ನು 1080ಕ್ಕೆ ಕುಗ್ಗಿಸಿದಾಗ ಅದರ ಅಗಲ 720ಕ್ಕೆ ಇಳಿದು, ಉಳಿಯುವುದು ಎಂಟು ಲಕ್ಷಕ್ಕಿಂತ ಕಡಿಮೆ. ಕ್ಯಾಮೆರಾ ಕೊಟ್ಟದ್ದರಲ್ಲಿ ಐವತ್ತರಲ್ಲಿ ಒಂದು ಪಾಲೂ ಅಲ್ಲ. ಅದೇ ಚಿತ್ರವನ್ನು 12 ಇಂಚು ಅಗಲ, 18 ಇಂಚು ಉದ್ದದ ಕಾಗದದ ಮೇಲೆ ಇಂಚಿಗೆ 300 ಬಿಂದುಗಳಂತೆ ಮುದ್ರಿಸಿದರೆ 1.94 ಕೋಟಿ ಬಿಂದುಗಳು ನೋಡುವವರ ಕಣ್ಣಿಗೆ ದಕ್ಕುತ್ತವೆ. ಟಿ.ವಿ. 4ಕೆ, ಅಂದರೆ ಇದಕ್ಕಿಂತ ಹೆಚ್ಚು ಬಿಂದುಗಳನ್ನು ತೋರಿಸಬಲ್ಲದ್ದು ಎಂದು ನಮ್ಮ ಕಾರ್ಯದರ್ಶಿಗಳು ಹೆಮ್ಮೆಯಿಂದ ಹೇಳಿದರು. ಒಪ್ಪಿದೆ, ಆದರೆ ಮೊದಲೇ ಕುಗ್ಗಿಸಿ ತರಿಸಿಕೊಂಡ ಚಿತ್ರವನ್ನು ಅದರಲ್ಲಿ ಮತ್ತೆ ಹಿಗ್ಗಿಸಿ ತೋರಿಸಿದರೆ ಕಳೆದುಹೋದ ವಿವರ ಯಾವ ದೇವರ ದಯೆಯಿಂದ ಮರಳಿ ಬರಬೇಕು? ಲಕ್ಷಗಟ್ಟಲೆ ಸುರಿದು ಕ್ಯಾಮೆರಾ, ಲೆನ್ಸು ಕೊಂಡು, ಮುಂಬಯಿಯ ಮಳೆಗಾಲದಲ್ಲಿ ಅವಕ್ಕೆ ಫಂಗಸ್ ಹಿಡಿಯದಿರಲೆಂದು ಡ್ರೈ ಕ್ಯಾಬಿನೆಟ್ ಕೊಂಡು, ಕೊನೆಗೆ ಎಂಟು ಲಕ್ಷ ಬಿಂದುಗಳನ್ನು ತೋರಿಸುವುದಕ್ಕೆ ಇಷ್ಟೆಲ್ಲ ಸಂಭ್ರಮ.

ಆದರೂ ಲೆಕ್ಕದಿಂದಷ್ಟೇ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಮ್ಮ ಕಿರಿಯ ಸದಸ್ಯೆಯೊಬ್ಬಳು ಮಾರುಕಟ್ಟೆಯಲ್ಲಿ ಮೀನು ಮಾರುವ ಮಾವಶಿಯೊಬ್ಬರ (ಮರಾಠಿಯಲ್ಲಿ ಚಿಕ್ಕಮ್ಮ) ಚಿತ್ರ ತೆಗೆದಿದ್ದಳು. ಬಲು ಒಳ್ಳೆಯ ಚಿತ್ರ. ಮುಖದ ಒಂದು ಬದಿಗೆ ಬಿದ್ದ ಬೆಳಕು, ಮೂಗುತಿಯ ಮೇಲೊಂದು ಚುಕ್ಕೆ ಹೊಳಪು, ಕೈಯಲ್ಲಿ ಮೀನು ಕತ್ತರಿಸುವ ಕೊಯ್ತೆ. ಹುಡುಗಿ ಸಂಸ್ಕಾರವಂತೆ, ಆ ಮಾವಶಿಯನ್ನು ಸ್ವತಃ ಹೋಗಿ ಕರೆದು ಬಂದಿದ್ದಳು. ಅವರು ಹಸಿರು ಸೀರೆಯುಟ್ಟು, ಮುಡಿಗೆ ಹೂ ಮುಡಿದು, ಮೊಮ್ಮಗನ ಕೈ ಹಿಡಿದುಕೊಂಡು ಬಂದರು. ಒಳಗೆ ಕಾಲಿಟ್ಟು ಖಾಲಿ ಗೋಡೆಗಳನ್ನೆಲ್ಲ ನೋಡಿ, "ಫೋಟೊ ಕುಠೆ ಆಹೇತ?" (ಫೋಟೊಗಳು ಎಲ್ಲಿವೆ?) ಎಂದು ಕೇಳಿದರು. ನಾವು ಟಿ.ವಿ.ಯ ಕಡೆಗೆ ಕೈ ತೋರಿಸಿದೆವು. ಅವರ ಚಿತ್ರ ಬಂದಾಗ ಅವರು ಚೀಲದಿಂದ ಕನ್ನಡಕ ಹುಡುಕುತ್ತಿದ್ದರು. ಕನ್ನಡಕ ಏರಿಸುವಷ್ಟರಲ್ಲಿ ಪರದೆಯ ಮೇಲೆ ಯಾವುದೋ ಕಟ್ಟಡದ ಮೆಟ್ಟಿಲುಗಳಿದ್ದವು. ಮತ್ತೆ ಅವರ ಸರದಿ ಬರಲು ಎಂಟು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಅವರು ನಿಂತೇ ಕಾದರು. ಎರಡನೆಯ ಸಲ ಬರುವ ಹೊತ್ತಿಗೆ ಸರಿಯಾಗಿ ಮುಖ್ಯ ಅತಿಥಿಗಳ ಗ್ರೂಪ್ ಫೋಟೊ ತೆಗೆಯಲೆಂದು ಎಲ್ಲರನ್ನೂ ಟಿ.ವಿ.ಯ ಮುಂದೆಯೇ ಸಾಲಾಗಿ ನಿಲ್ಲಿಸಲಾಗಿತ್ತು. ಅವರು ಮುನಿಯಲಿಲ್ಲ, ನಕ್ಕರು. ವ್ಯಾಪಾರದ ಹೊತ್ತಾಯಿತೆಂದು ಹೊರಟರು. "ವಾಟ್ಸಪ್‌ನಲ್ಲಿ ಕಳುಹಿಸಿದರಾಯಿತು ಬಿಡಿ ಅಕ್ಕಾ" ಎಂದು ನಮ್ಮ ಪದಾಧಿಕಾರಿಗಳಲ್ಲೊಬ್ಬರು ನನಗೆ ಸಮಾಧಾನ ಹೇಳಿದರು. ವಾಟ್ಸಪ್‌ನಲ್ಲಿ ನೋಡುವುದಾದರೆ ಅವರು ಗಿರಾಕಿಗಳನ್ನು ಬಿಟ್ಟು ಇಲ್ಲಿಯ ತನಕ ಏಕೆ ಬರಬೇಕಿತ್ತು ಸ್ವಾಮಿ?

ಪ್ರಿಂಟುಗಳ ವಿರುದ್ಧ ಹೇಳುವ ಮಾತುಗಳೂ ನನಗೆ ಬಾಯಿಪಾಠವಾಗಿವೆ. ಖರ್ಚು ಹೆಚ್ಚು, ಆಮೇಲೆ ಇಡಲು ಮುಂಬಯಿಯ ಮನೆಗಳಲ್ಲಿ ಜಾಗವಿಲ್ಲ, ಕಾಗದ ಬಳಸಿದರೆ ಪರಿಸರಕ್ಕೆ ಹಾನಿ, ಹೊಸಬರಿಗೆ ಅದೆಲ್ಲ ಬೇಡ. ಖರ್ಚಿನ ಬಗ್ಗೆ ಚಿನ್ನದ ಗೆರೆಯ ಆಮಂತ್ರಣ ಪತ್ರಿಕೆಯೇ ಉತ್ತರ ಕೊಟ್ಟಾಗಿದೆ. ಸಾಧಾರಣ ಲಸ್ಟರ್ (ಮಂದ ಹೊಳಪಿನ) ಕಾಗದದ ಪ್ರಿಂಟೊಂದು ಲ್ಯಾಬಿನಲ್ಲಿ ನಮ್ಮ ಸದಸ್ಯರ ಒಂದು ಹೊತ್ತಿನ ಹೋಟೆಲ್ ಬಿಲ್ಲಿಗಿಂತ ಅಗ್ಗ. ಜಾಗದ ಮಾತನ್ನು ಒಂದಿಷ್ಟು ಒಪ್ಪುತ್ತೇನೆ, ನಾನೂ ಇದೇ ಊರಿನಲ್ಲಿ ಬದುಕುತ್ತಿದ್ದೇನೆ. ಆದರೆ ಪ್ರಿಂಟನ್ನು ಆ ಮಾವಶಿಯಂಥವರಿಗೆ ಕೊಟ್ಟು ಕಳುಹಿಸಿದರೆ ಅದಕ್ಕೆ ಜಾಗ ತಾನಾಗಿಯೇ ಸಿಗುತ್ತದೆ. ಪರಿಸರದ ವಿಚಾರ ಎತ್ತಿದವರು ಅಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್ ಬ್ಯಾನರಿನ ಕೆಳಗೆ ನಿಂತಿದ್ದರು. ಆ ಬ್ಯಾನರಿನಲ್ಲಿ ಪದಾಧಿಕಾರಿಗಳ ಮುಖಗಳು ಸಾಕಷ್ಟು ದೊಡ್ಡದಾಗಿ, ಬಹಳ ಸ್ಪಷ್ಟವಾಗಿ ಮುದ್ರಣಗೊಂಡಿದ್ದವು.

ಹೊಸಬರಿಗೆ ಬೇಡ ಎಂಬುದು ಮಾತ್ರ ನನ್ನನ್ನು ಕೆರಳಿಸುವ ಮಾತು, ಏಕೆಂದರೆ ಪ್ರಿಂಟಿನಿಂದ ಎಲ್ಲರಿಗಿಂತ ಹೆಚ್ಚು ಕಲಿಯುವವರು ಹೊಸಬರೇ. ಪರದೆ ತಾನೇ ಬೆಳಕು ಸೂಸುವ ವಸ್ತು. ಅದರ ಹೊಳಪಿನಲ್ಲಿ ಸಾಧಾರಣ ಚಿತ್ರವೂ ರಾಜಕುಮಾರನಂತೆ ಮಿಂಚುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕನ್ನೇ ಅದು ಹಿಂದಿರುಗಿಸಬೇಕು. ಆದ್ದರಿಂದಲೇ ಮಾನಿಟರಿನ ಹೊಳಪನ್ನು ವಿಪರೀತ ಏರಿಸಿಕೊಂಡು ತಿದ್ದಿದವರ ಮೊದಲ ಪ್ರಿಂಟು ಕಪ್ಪಾಗಿ ಬರುತ್ತದೆ. ಅವರು ಲ್ಯಾಬಿನವನ ಜೊತೆ ಜಗಳವಾಡಿ, ಎರಡನೆಯದೂ ಕಪ್ಪಾದ ಮೇಲೆ ಮಾನಿಟರನ್ನು ಕ್ಯಾಲಿಬ್ರೇಟ್ ಮಾಡಿಸಿ, ಅಂದರೆ ಅದರ ಹೊಳಪು, ಬಣ್ಣಗಳನ್ನು ಸರಿಯಾದ ಅಳತೆಗೆ ತಂದು, ನೆರಳಿನೊಳಗಿನ ವಿವರ ಎಂದರೆ ಏನೆಂದು ಆಗ ಅರಿಯುತ್ತಾರೆ. ಅತಿಯಾಗಿ ಶಾರ್ಪನ್ ಮಾಡಿದ ರೆಕ್ಕೆಯಂಚಿನ ಬಿಳಿ ಗೆರೆ, ಆಕಾಶದಲ್ಲಿ ಕೂತ ಸೆನ್ಸರಿನ ಧೂಳಿನ ಚುಕ್ಕೆ, ಗಾಢ ಬಣ್ಣ ಬಳಿಸಿಕೊಂಡು ರೋಸ್ ಮಿಲ್ಕ್ ಆಗಿಹೋದ ಫ್ಲೆಮಿಂಗೋ, ಇವು ಯಾವುವೂ ಆರು ಸೆಕೆಂಡುಗಳಲ್ಲಿ ಸಿಕ್ಕಿಬೀಳುವುದಿಲ್ಲ. ಗೋಡೆಯ ಮೇಲಿನ ಪ್ರಿಂಟಿನ ಮುಂದೆ ತೀರ್ಪುಗಾರರು ಬಾಗಿ ನಿಂತಾಗ ಸಿಕ್ಕಿಬೀಳುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಪ್ರಿಂಟಿಗೆ ಹಣ ಕೊಡಬೇಕೆಂದಾಗ ಮನುಷ್ಯ ಆರಿಸತೊಡಗುತ್ತಾನೆ. ಒಂದು ಬೆಳಗಿಗೆ ಸಾವಿರ ಸಲ ಶಟರ್ ಒತ್ತಿ ಬಂದವನು ಅದರಲ್ಲಿ ಯಾವುದೊಂದು ಚಿತ್ರ ಗೋಡೆಯ ಮೇಲೆ ನಿಲ್ಲಬಲ್ಲದೆಂದು ತನ್ನನ್ನು ತಾನು ಕೇಳಿಕೊಳ್ಳುವುದು ಆಗ ಮಾತ್ರ.

ಇದಕ್ಕಿಂತ ಹೆಚ್ಚು ನೋಯಿಸಿದ್ದು ಇದೆಲ್ಲ ಈ ಊರಿನಲ್ಲಿ ನಡೆಯಿತೆಂಬುದು. ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘ ಹುಟ್ಟಿದ್ದು 1854ರಲ್ಲಿ, ಛಾಯಾಗ್ರಹಣವೆಂಬ ವಿದ್ಯೆ ಲೋಕಕ್ಕೆ ಪ್ರಕಟವಾದ 1839ರಿಂದ ಹದಿನೈದೇ ವರ್ಷಕ್ಕೆ. ಈ ಊರಿನ ಹೆಸರಾಂತ ವೈದ್ಯ, ವಿದ್ವಾಂಸ ಡಾ. ಭಾವು ದಾಜಿ ಲಾಡ್ ಅವರ ತಮ್ಮ ನಾರಾಯಣ ದಾಜಿ ಅದರ ಆರಂಭದ ಸದಸ್ಯರಲ್ಲೊಬ್ಬರು. ಅದೇ ದಶಕದಲ್ಲಿ ಜಾನ್ಸನ್ ಮತ್ತು ಹೆಂಡರ್ಸನ್ ಎಂಬವರು ಇಲ್ಲಿಂದ ಹವ್ಯಾಸಿಗಳಿಗಾಗಿ ಒಂದು ಮಾಸಿಕ ಆಲ್ಬಂ ಹೊರತರುತ್ತಿದ್ದರು. ಅದರ ಪುಟಗಳಲ್ಲಿ ನಿಜವಾದ ಪ್ರಿಂಟುಗಳನ್ನೇ ಅಂಟಿಸಿ ಕೊಡುತ್ತಿದ್ದರು. ವಿದ್ಯುತ್ತಿಲ್ಲದ ಕಾಲದಲ್ಲಿ, ಬಿಸಿಲನ್ನು ನಂಬಿ, ಒಂದೊಂದೇ ಪ್ರತಿ ತೆಗೆದು! ಆಮೇಲೆ 1937ರಲ್ಲಿ ಇದೇ ನಗರದಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಆಫ್ ಇಂಡಿಯಾ ಬಂತು. ಸಲಾನ್‌ಗಳ, ಅಂದರೆ ತೀರ್ಪುಗಾರರು ಆರಿಸಿದ ಚಿತ್ರಗಳ ಸ್ಪರ್ಧಾ ಪ್ರದರ್ಶನಗಳ ಕಾಲದಲ್ಲಿ ಒಂದು ಪ್ರಿಂಟು ಅಂಚೆಯಲ್ಲಿ ದೇಶದಿಂದ ದೇಶಕ್ಕೆ ತಿರುಗಿ, ಆಯ್ಕೆಯಾದ ಕಡೆಯ ಚೀಟಿಗಳನ್ನು ಬೆನ್ನಿಗೆ ಅಂಟಿಸಿಕೊಂಡು ಮನೆಗೆ ಮರಳುತ್ತಿತ್ತು. ಅಂತರರಾಷ್ಟ್ರೀಯ ಸಲಾನ್‌ಗಳಲ್ಲಿ ಪ್ರಿಂಟ್ ವಿಭಾಗ ಇಂದಿಗೂ ಇದೆ ಎಂಬುದು ನಮ್ಮ ಪದಾಧಿಕಾರಿಗಳಿಗೆ ತಿಳಿಯದ ವಿಷಯವೇನಲ್ಲ. ಮುಖ್ಯ ಅತಿಥಿಗಳು ತಮ್ಮ ಭಾಷಣದಲ್ಲಿ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರನ್ನೂ, ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪುಬಿಳುಪು ವನ್ಯಜೀವಿ ಚಿತ್ರಗಳನ್ನೂ ಮನಸಾರೆ ಹೊಗಳಿದರು. ಅವರ ಬೆನ್ನ ಹಿಂದೆ ಟಿ.ವಿ. ತನ್ನ ಪಾಡಿಗೆ ತಾನು ಓಡುತ್ತಿತ್ತು. ಇಲ್ಲಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ, ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ದಶಕಗಳ ನಂತರ ಹೊಸ ತಲೆಮಾರಿಗೆ ಅವರ ಕೆಲಸ ಸಿಕ್ಕಿತೆಂದರೆ ಕೈಯಲ್ಲಿ ಹಿಡಿಯಬಹುದಾದ ನೆಗೆಟಿವ್‌ಗಳೂ ಪ್ರಿಂಟುಗಳೂ ಉಳಿದಿದ್ದುದರಿಂದ. ನಮ್ಮ ಪೆನ್‌ಡ್ರೈವನ್ನು ಮುಂದಿನ ವರ್ಷ ಯಾರು ಯಾವ ಡ್ರಾಯರಿನಲ್ಲಿ ಹುಡುಕುತ್ತಾರೋ ನೋಡೋಣ.

ಇವಳಿಗೆ ಹಳೆಯ ಕಾಲದ ಹುಚ್ಚು ಎನ್ನುವವರಿಗೆ ಒಂದು ಮಾತು. ನಮ್ಮ ಚಿಕ್ಕ ಮನೆಯ ಬಚ್ಚಲನ್ನು ರಾತ್ರಿ ಹೊತ್ತು ಡಾರ್ಕ್‌ರೂಮ್ ಮಾಡಿಕೊಂಡು, ಅತ್ತೆಯವರು ಹೊರಗಿನಿಂದ ಬಾಗಿಲು ಬಡಿದಾಗ "ಇನ್ನೆರಡು ನಿಮಿಷ" ಎಂದು ಕೂಗುತ್ತಿದ್ದವಳು ನಾನು. ಪ್ರಿಂಟು ತೊಳೆಯುವ ಆ ಹೈಪೋ ರಾಸಾಯನಿಕದ ವಾಸನೆ ನನಗೆ ಎಳ್ಳಷ್ಟೂ ಬೇಡ; ಡಿಜಿಟಲ್ ಬಂದ ದಿನ ಸಿಹಿ ಹಂಚುವುದೊಂದು ಬಾಕಿಯಿತ್ತು. ನಾನು ಕೇಳುತ್ತಿರುವುದು ಡಿಜಿಟಲ್ ಚಿತ್ರದ ಪ್ರಿಂಟು. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಹೇಗೂ ನಿಮ್ಮಲ್ಲಿ ಕೆಲವರು ಹಿಂದಿನಿಂದ ಆಡಿಕೊಳ್ಳುತ್ತೀರಿ: ನನ್ನ ಚಿತ್ರಕ್ಕೆ ಈ ಕ್ಲಬ್ಬಿನಲ್ಲಿ ಮೊದಲ ಬಹುಮಾನ ಇದುವರೆಗೆ ಬಂದಿಲ್ಲ, ಗೋಡೆಯ ಮೇಲೆ ತೂಗುವ ಪ್ರಿಂಟಿನ ಕೆಳಗೆ ನನ್ನ ಹೆಸರಿನ ಮುಂದೆ ಆ ಕೆಂಪು ರಿಬ್ಬನ್ನು ನೋಡುವ ಆಸೆ ಈ ವಯಸ್ಸಿನಲ್ಲಿಯೂ ಹೋಗಿಲ್ಲ. ಈ ಬರಹದಲ್ಲಿ ಆ ಹೊಟ್ಟೆಯುರಿಯ ಪಾಲು ಎಷ್ಟೆಂದು ನನ್ನಿಂದ ಅಳೆಯಲಾಗದು. ಅಷ್ಟಿದ್ದರೂ ಖಾಲಿ ಗೋಡೆ ಖಾಲಿ ಗೋಡೆಯೇ.

ಬರುವ ವಾರ್ಷಿಕ ಮಹಾಸಭೆಗೆ ಠರಾವೊಂದನ್ನು ಬರೆದಿಟ್ಟಿದ್ದೇನೆ. ಮುಂದಿನ ಪ್ರದರ್ಶನದಲ್ಲಿ ಎಂಬತ್ತು ತೊಂಬತ್ತು ಚಿತ್ರಗಳು ಬೇಡ, ಮೂವತ್ತು ಸಾಕು; ಮೂವತ್ತೂ ಪ್ರಿಂಟುಗಳೇ ಆಗಿರಬೇಕು, ಬಿಳಿಯ ಮೌಂಟ್ ಬೋರ್ಡಿನಲ್ಲಿ ಕೂರಿಸಿ, ಕಣ್ಣಿನ ಮಟ್ಟಕ್ಕೆ ತೂಗುಹಾಕಬೇಕು. ಟಿ.ವಿ. ಬೇಕೆನ್ನುವವರು ಅದನ್ನು ಉಪ್ಪಿಟ್ಟಿನ ಮೇಜಿನ ಪಕ್ಕದಲ್ಲಿಟ್ಟುಕೊಳ್ಳಲಿ, ನನ್ನ ತಕರಾರಿಲ್ಲ. ಮುಖವಿರುವ ಚಿತ್ರವಾದರೆ ಇನ್ನೊಂದು ಪ್ರತಿ ಹೆಚ್ಚಿಗೆ ಹಾಕಿಸಿ ಆ ಮುಖದವರಿಗೆ ತಲುಪಿಸುವುದು ಕ್ಲಬ್ಬಿನ ಖರ್ಚಿನಲ್ಲಿ ಆಗಬೇಕು. ಆಮಂತ್ರಣಕ್ಕೆ ಚಿನ್ನದ ಗೆರೆ ಬೇಡ, ವಾಟ್ಸಪ್ ಸಾಕು. ವಾಟ್ಸಪ್‌ಗೆ ತಕ್ಕ ಕೆಲಸ ಅದು. ಈ ವಿಷಯ ಸಭೆಯ ಪಟ್ಟಿಗೆ ಸೇರಬೇಕಾದರೆ ಹತ್ತು ಸದಸ್ಯರ ಸಹಿ ಬೇಕೆಂದು ಕಾರ್ಯದರ್ಶಿಗಳು ನೆನಪಿಸಿದ್ದಾರೆ. ಫ್ಲೆಮಿಂಗೋ ಹುಡುಗ, ಮೀನಿನ ಮಾವಶಿಯ ಚಿತ್ರದ ಹುಡುಗಿ ಮತ್ತು ನಾನು ಹಾಕಿಯಾಗಿದೆ. ಉಳಿದವರು ಇಲ್ಲಿ ಲೈಕ್ ಒತ್ತಿ ಮುಂದೆ ಹೋಗಬೇಡಿ. ಶನಿವಾರದ ಸಭೆಗೆ ಹಾಳೆ ತರುತ್ತೇನೆ, ಪೆನ್ನು ನನ್ನ ಬಳಿಯೇ ಇದೆ.