ಮ್ಯಾಚ್ ನೋಡುವವರನ್ನು ಯಾಕೆ ಬೈಯುತ್ತೀರಿ?

‘ರಾತ್ರಿ ಫುಟ್‌ಬಾಲ್ ನೋಡಲು ತಿರುಗುವ ಹುಡುಗರೇ ಕರಡಿಗೆ ಎದುರಾಗುತ್ತಾರೆ, ಕತ್ತಲಾದ ಮೇಲೆ ಮನೆಯಲ್ಲೇ ಇರಲಿ’ ಅಂತ ಬರೆದಿದ್ದೀರಿ. ನಾನು ಖಾನಾಪುರ ತಾಲ್ಲೂಕಿನವನು, ನಮ್ಮೂರು ಭೀಮಗಡ ಕಾಡಿನ ಅಂಚಿಗಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಕರಡಿಗೆ ಕಣ್ಣು ಮಂದ. ಗೆದ್ದಲ ಹುತ್ತ ಕೆದರುತ್ತಾ ಇದ್ದರೆ ಪಕ್ಕಕ್ಕೆ ಯಾರು ಬಂದರೂ ಅದಕ್ಕೆ ಗೊತ್ತಾಗೋದಿಲ್ಲ. ತಟ್ಟನೆ ಎದುರಾದಾಗ ಹೆದರಿ ಮೈಮೇಲೆ ಬೀಳುತ್ತದೆ. ಹಾಗಾಗಿ ಭಯ ಜಾಸ್ತಿ ಇರೋದು ಸದ್ದಿಲ್ಲದೆ ಒಬ್ಬರೇ ಗದ್ದೆಗೆ, ಸೌದೆಗೆ ಹೋಗುವವರಿಗೆ. ಗುಂಪಾಗಿ ಗಲಾಟೆ ಮಾಡುತ್ತಾ ಬರುವವರಿಗೆ ಅಷ್ಟಿಲ್ಲ.

2022ರ ಡಿಸೆಂಬರ್ 18ರಂದು ಅರ್ಜೆಂಟೀನಾ–ಫ್ರಾನ್ಸ್ ವಿಶ್ವಕಪ್ ಫೈನಲ್ ಅನ್ನು ಗುಡಿ ಮುಂದೆ ಪರದೆ ಕಟ್ಟಿ ನೋಡಿದೆವು. ಫ್ರಾನ್ಸ್‌ನ ಎಂಬಾಪೆ ಎರಡೇ ನಿಮಿಷದೊಳಗೆ ಎರಡು ಗೋಲು ಹೊಡೆದಾಗ, ಆಟದ ಗಂಧಗಾಳಿ ಇಲ್ಲದ ನಮ್ಮ ಅವ್ವನೂ ಎದ್ದು ನಿಂತಿದ್ದಳು! 3–3 ಆಗಿ ಪೆನಾಲ್ಟಿವರೆಗೂ ಹೋಯಿತು. ಮುಗಿದ ಮೇಲೆ ಹದಿನೈದು ಮಂದಿ ಬ್ಯಾಟರಿ ಹಿಡಿದು, ‘ಮೆಸ್ಸಿ, ಮೆಸ್ಸಿ’ ಅಂತ ಕೂಗುತ್ತಾ ಕಾಡಿನ ದಾರಿಯಲ್ಲೇ ಮನೆಗೆ ಬಂದೆವು. ಹತ್ತಾರು ಮನೆಯವರು ಒಟ್ಟಿಗೆ ಕೂತು ನಗುವ ರಾತ್ರಿ ನಮ್ಮೂರಲ್ಲಿ ವರ್ಷಕ್ಕೆ ಎಷ್ಟು ಸಿಗುತ್ತದೆ ಹೇಳಿ. ಅದನ್ನೂ ಬಿಡು ಅಂದರೆ ಹೇಗೆ?

ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಬರುವುದೇ ನಡುರಾತ್ರಿ ಆದರೆ ರೈತ ಏನು ಮಾಡಬೇಕು? ನಮ್ಮ ಕಾಕಾ ಎರಡು ಗಂಟೆಗೆ ಒಬ್ಬರೇ ಮೋಟರ್ ಚಾಲು ಮಾಡಲು ಹೋಗುತ್ತಾರೆ. ದಾರಿಯಲ್ಲಿ ಒಂದು ದೀಪವೂ ಇಲ್ಲ. ಮುಂದಿನ ಸಲ ದಯವಿಟ್ಟು ಅದರ ಬಗ್ಗೆ ಬರೆಯಿರಿ.