ಲೆಟ್ ಪ್ಲೀಸ್

ಇವತ್ತು ಬೆಳಿಗ್ಗೆ ಆರೂಮುಕ್ಕಾಲಕ್ಕೆ ಸ್ಕ್ವಾಷ್ ಕೋರ್ಟಿನಲ್ಲಿ ನಾನು ಹೊಡೆದಂಥ ಡ್ರಾಪ್ ಷಾಟ್ ನನ್ನ ಕೈಯಿಂದ ವರ್ಷಕ್ಕೆ ನಾಲ್ಕೈದು ಸಲ ಬಂದರೆ ಹೆಚ್ಚು. ಚೆಂಡು ಮುಂದಿನ ಗೋಡೆಯ ಬುಡದಲ್ಲಿರುವ ತಗಡಿಗಿಂತ ಒಂದು ಬೆರಳು ಮೇಲೆ ತಾಗಿತು. ಪಕ್ಕದ ಗೋಡೆಯೂ ನೆಲವೂ ಕೂಡುವ ಸಂದಿಗೆ ಇಳಿದು, ಪುಟಿಯದೆ ಉರುಳಿಹೋಯಿತು. ನಾವು ಇದನ್ನು ನಿಕ್ ಎನ್ನುತ್ತೇವೆ. ಇದಕ್ಕೆ ವಿಶ್ವ ಚಾಂಪಿಯನ್ನನ ಬಳಿಯೂ ಉತ್ತರವಿಲ್ಲ.

ಹಿಂದಿನ ಗಾಜಿನ ಗೋಡೆಗೆ ಒರಗಿ ಟವೆಲಿನಿಂದ ಕನ್ನಡಕ ಒರೆಸುತ್ತಿದ್ದ ಮ್ಯಾನೇಜರ್ ಸಾಹೇಬರು ಕೈಯೆತ್ತಿದರು.

"ಲೆಟ್ ಪ್ಲೀಸ್."

ಸ್ಕ್ವಾಷ್‌ನಲ್ಲಿ ಇಬ್ಬರೂ ಒಂದೇ ಡಬ್ಬಿಯೊಳಗೆ ಓಡಾಡುತ್ತೇವೆ. ಉದ್ದ 9.75 ಮೀಟರ್, ಅಗಲ 6.4 ಮೀಟರ್, ನಡುವೆ ಬಲೆಯಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತವನು ಇಳಿಯುವವರಿಗೆ ಜಾಗ ಬಿಡುವಂತೆ, ಹೊಡೆದವನು ಎದುರಾಳಿಗೆ ದಾರಿ ಬಿಡಬೇಕು. ಬಿಡದಿದ್ದರೆ ಎದುರಾಳಿ ನಿಂತು ಲೆಟ್ ಕೇಳುತ್ತಾನೆ, ಆ ಅಂಕವನ್ನು ಮತ್ತೆ ಆಡುತ್ತೇವೆ. ಟೂರ್ನಿಯಲ್ಲಾದರೆ ರೆಫರಿ ಇರುತ್ತಾರೆ. ಆ ಚೆಂಡು ನಿಮ್ಮ ಕೈಗೆ ಸಿಗುವಂತಿತ್ತೇ, ನೀವು ಓಡಿದಿರೇ ಎಂದು ನೋಡಿ 'ನೋ ಲೆಟ್' ಎಂದು ಬಾಯಿ ಮುಚ್ಚಿಸುತ್ತಾರೆ. ಬೆಳಗಿನ ಆಟಕ್ಕೆ ರೆಫರಿ ಇಲ್ಲ, ಸಂಕೋಚವೇ ರೆಫರಿ. ಅದು ಇಬ್ಬರಿಗೂ ಸಮನಾಗಿ ಹಂಚಿಕೆಯಾಗಬೇಕಿತ್ತು. ಅಷ್ಟೂ ನನ್ನ ಪಾಲಿಗೇ ಬಂದಿದೆ.

ಸಾಹೇಬರಿಗೆ ಅರವತ್ತಾರು. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಜನರ ಸಾಲದ ಅರ್ಜಿಗಳನ್ನು ತಿರಸ್ಕರಿಸಿ ನಿವೃತ್ತರಾದವರು. ಈಗ ತಮ್ಮ ಅರ್ಜಿಯನ್ನು ತಾವೇ ಮಂಜೂರು ಮಾಡಿಕೊಳ್ಳುತ್ತಾರೆ. ಶೂ ದಾರ ಬಿಚ್ಚಿಕೊಂಡಿತೆಂದು ಲೆಟ್. ಸೀನು ಬರುವಂತಾಗಿ ಬರಲಿಲ್ಲವೆಂದು ಲೆಟ್. ಕಸ ಗುಡಿಸುವಾಕೆ ಹೊರಗೆ ಬಕೆಟ್ ಇಟ್ಟ ಸದ್ದಿಗೆ ಲೆಟ್. ಹಿಂದೊಮ್ಮೆ, "ಆ ಕಡೆಗೆ ಹೊಡೆಯುತ್ತೀಯ ಅಂತ ನಾನು ಅಂದುಕೊಂಡಿರಲಿಲ್ಲ ಮರಿ" ಎಂದರು. "ಸರ್, ಹಾಗೆ ಅಂದುಕೊಳ್ಳಬಾರದೆಂದೇ ಹೊಡೆದದ್ದು" ಎಂದೆ. "ಅದೇ ಹೇಳುತ್ತಿರುವುದು, ಲೆಟ್" ಎಂದರು. ಲೆಕ್ಕದಲ್ಲೂ ಅವರದೇ ಬಡ್ಡಿ ದರ. ಹಿಂದೆಲ್ಲ ಗೇಮ್ ಒಂಬತ್ತಕ್ಕೆ ಮುಗಿಯುತ್ತಿತ್ತು, ಸರ್ವ್ ಮಾಡುವವನಿಗೆ ಮಾತ್ರ ಅಂಕ. ಈಗ ಹನ್ನೊಂದಕ್ಕೆ, ಯಾರು ಗೆದ್ದರೂ ಅಂಕ. ಸಾಹೇಬರು ಮುಂದಿದ್ದಾಗ ಹೊಸ ಪದ್ಧತಿ, ಹಿಂದೆ ಬಿದ್ದಾಗ "ನಮ್ಮ ಕಾಲದಲ್ಲಿ". ಇಷ್ಟರ ಮೇಲೆ ಪ್ರತಿ ಗೇಮಿಗೂ ಏಳು ಅಂಕ ಅವರಿಗೆ ಮುಂಗಡ.

ಅಂತರರಾಷ್ಟ್ರೀಯ ಟೂರ್ನಿ ಆಡುವವನಿಗೆ ಇವರ ಸಹವಾಸವೇಕೆ? ನನ್ನ ಹಿಮ್ಮಡಿಯ ನರ ಕೈಕೊಟ್ಟಿತು, ಅದಕ್ಕೆ. ದೇಶದ ಸ್ಕ್ವಾಷ್ ಅಕಾಡೆಮಿ ಇರುವುದು ಚೆನ್ನೈನಲ್ಲಿ, ನನ್ನ ಸರೀಕರೆಲ್ಲ ಅಲ್ಲೇ ಬೆವರು ಸುರಿಸುತ್ತಿದ್ದಾರೆ. ನಾನು ಬೆಂಗಳೂರಿನ ಮನೆಗೆ ಬಂದು ಬಿದ್ದಿದ್ದೇನೆ. ಹಗುರಾಗಿ ಆಡು ಎಂದರು ಫಿಸಿಯೊ. ವಾರದ ದಿನ ಬೆಳಿಗ್ಗೆ ಆರಕ್ಕೆ ಹಗುರಾಗಿ ಆಡಲು ಸಿಗುವವರು ಈ ಊರಿನಲ್ಲಿ ಇವರೊಬ್ಬರೇ.

ಮನೆಯಲ್ಲಿರುವುದಕ್ಕೆ ಇನ್ನೊಂದು ದಂಡವಿದೆ. ನೆಂಟರು. ಮೊದಲು, "ನಿನ್ನ ಆಟ ಒಲಿಂಪಿಕ್ಸ್‌ನಲ್ಲಿ ಇದೆಯೇನಪ್ಪ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಅಯ್ಯೋ ಪಾಪ ಎಂದು ಇನ್ನೊಂದು ಹೋಳಿಗೆ ಬಡಿಸುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸಭೆ ಸೇರಿದ ಒಲಿಂಪಿಕ್ಸ್ ಸಮಿತಿಯವರು 2028ರ ಲಾಸ್ ಏಂಜಲೀಸ್ ಕೂಟಕ್ಕೆ ಸ್ಕ್ವಾಷನ್ನು ಸೇರಿಸಿಬಿಟ್ಟರು. ದೇಶದ ಆಟಗಾರರೆಲ್ಲ ಸಿಹಿ ಹಂಚಿದರು. ನನಗೋ ಇದ್ದ ಒಂದೇ ನೆಪ ಹೋಯಿತು. ಈಗಿನ ಪ್ರಶ್ನೆ, "ನೀನು ಹೋಗುತ್ತೀಯಲ್ಲ?" ಮೊದಲ ಸುತ್ತಿನಲ್ಲಿ ಸೋತು, ಸಿಕ್ಕ ದುಡ್ಡು ಹೋಟೆಲಿಗೂ ಸಾಲದೆ ಅಪ್ಪನಿಗೆ ಫೋನ್ ಮಾಡಿದ ಊರುಗಳ ಪಟ್ಟಿಯನ್ನು ಅವರಿಗೆ ಹೇಳುವಂತಿಲ್ಲ. ಹೋಳಿಗೆಯೂ ನಿಂತಿದೆ.

ಸಾಹೇಬರು ನಡುವೆ ಎರಡು ತಿಂಗಳು ಪುಣೆಯ ಮಗಳ ಮನೆಗೆ ಹೋಗಿದ್ದರು. ಪೀಡೆ ತೊಲಗಿತು ಎಂದುಕೊಂಡು ಒಬ್ಬನೇ ಅಭ್ಯಾಸಕ್ಕೆ ಇಳಿದೆ. ಚೆಂಡಿಲ್ಲದೆ ಮಾಡುವ ಅಭ್ಯಾಸ ಅದು. ನಡುವಿನಿಂದ ಮೂಲೆಗೆ ಹಾರಿ, ಇಲ್ಲದ ಚೆಂಡಿಗೆ ರ‍್ಯಾಕೆಟ್ ಬೀಸಿ, ನಡುವಿಗೆ ಮರಳಿ, ಮತ್ತೊಂದು ಮೂಲೆಗೆ ಹಾರುವುದು. ಒಂದು ದಿನ ಏದುಸಿರು ಬಿಡುತ್ತ ತಿರುಗಿದರೆ ಗಾಜಿನಾಚೆ ಕಾವಲುಗಾರ ಕೈಮುಗಿದು ನಿಂತಿದ್ದ. ಮರುದಿನ ಕೋರ್ಟಿನ ಹೊಸ್ತಿಲಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು. ನಮ್ಮವರು ಈ ಅಭ್ಯಾಸವನ್ನು ಘೋಸ್ಟಿಂಗ್ ಎಂದೇ ಕರೆಯುವುದರಿಂದ ಅವನನ್ನು ಬೈಯುವಂತೆಯೂ ಇರಲಿಲ್ಲ.

ಆ ಎರಡು ತಿಂಗಳು ಯಾರೂ ಲೆಟ್ ಕೇಳಲಿಲ್ಲ. ಗೋಡೆಗಳು ನನ್ನ ಶೂಗಳ ಕಿರುಚಾಟವನ್ನಷ್ಟೇ ನನಗೆ ವಾಪಸು ಕೊಡುತ್ತಿದ್ದವು. ಎಡಗಡೆ ಮೂಲೆಗೆ ಹಾರುವಾಗ, ಅಲ್ಲಿ ಯಾವಾಗಲೂ ಅಡ್ಡ ನಿಲ್ಲುತ್ತಿದ್ದ ಮನುಷ್ಯನನ್ನು ಸುತ್ತಿಕೊಂಡೇ ಹೋಗುತ್ತಿದ್ದೆ. ಅಭ್ಯಾಸ ಬಲ.

ಇವತ್ತು ಬಂದರು. ಎಂದಿನಂತೆ ಚೀಲದಿಂದ ಕಾಫಿ ಫ್ಲಾಸ್ಕು ತೆಗೆದರು, ಅದರ ಮಗ್ಗುಲಿನಿಂದ ಚೆಂಡು ತೆಗೆದರು. ಎರಡು ಹಳದಿ ಚುಕ್ಕೆಯ ಚೆಂಡು ತಣ್ಣಗಿದ್ದರೆ ನೆನೆದ ಗೋಲಿಬಜೆಯಂತೆ ಬಿದ್ದಲ್ಲೇ ಬಿದ್ದಿರುತ್ತದೆ, ಹೊಡೆದು ಹೊಡೆದು ಕಾಯಿಸಬೇಕು. ಸಾಹೇಬರು ಮನೆಯಿಂದಲೇ ಬೆಚ್ಚಗೆ ತರುತ್ತಾರೆ. ಕೈಗೆ ತೆಗೆದುಕೊಂಡರೆ ಡಿಕಾಕ್ಷನ್ ವಾಸನೆ.

ಅವರು 10, ನಾನು 9 ಇದ್ದಾಗ ಆದದ್ದು ಆ ಡ್ರಾಪ್. ಲೆಟ್ ಎಂದಮೇಲೆ ಮುಗಿಯಿತು, ಮತ್ತೆ ಆಡಿದೆವು. ನನ್ನ ಸರ್ವ್‌ಗೆ ಅವರು ಕಣ್ಣು ಮುಚ್ಚಿ ಬೀಸಿದರು. ಚೆಂಡು ರ‍್ಯಾಕೆಟ್ಟಿನ ಅಂಚಿಗೆ ತಾಗಿ, ಗಾಳಿಯಲ್ಲಿ ಸುಮ್ಮನೆ ತೇಲಿ, ಮುಂದಿನ ಗೋಡೆಯನ್ನು ಸವರಿ, ಅದೇ ಸಂದಿಗೆ ಇಳಿದು ಉರುಳಿತು. ನಾನು ಇದ್ದಲ್ಲೇ ನಿಂತು ಕೈಯೆತ್ತಿದೆ.

"ಲೆಟ್ ಪ್ಲೀಸ್."

ಸಾಹೇಬರು ಕನ್ನಡಕ ಮೂಗಿನ ತುದಿಗೆ ಜಾರಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎಷ್ಟು ಜನ ಬಡ ರೈತರು ಈ ನೋಟದ ಮುಂದೆ ಟವೆಲು ಹಿಂಡುತ್ತ ನಿಂತಿದ್ದರೋ.

"ಆಧಾರ ಏನು ಕೊಡುತ್ತೀಯ?" ಎಂದು ಕೇಳಿ, ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದರು.